ಭಾರಿ ಕುದುರೆಗೆ ಎತ್ತು ಸಾಕಿದವರ ಕಣ್ಣು ಬೇಕು

ಇಂಗ್ಲೆಂಡಿನಲ್ಲಿ ಶೈರ್, ಕ್ಲೈಡ್ಸ್‌ಡೇಲ್ ಜಾತಿಯ ಭಾರಿ ಕುದುರೆಗಳು ನೇಗಿಲಿನಿಂದ ಬಿಡುಗಡೆ ಪಡೆದು ಬಹಳ ಕಾಲವಾಯಿತು. ಈಗ ಅವನ್ನು ಸವಾರಿಗೆಂದೇ ಕೊಳ್ಳುವವರಿದ್ದಾರೆ. ಮಾಮೂಲಿ ಸವಾರಿ ಕುದುರೆಯೇ ಒಂದಿಷ್ಟು ದೊಡ್ಡದಾಗಿದೆ ಎಂದುಕೊಂಡು ಸಾಕುತ್ತಾರೆ, ಎಡವುವುದು ಅಲ್ಲೇ. ಯಾರ್ಕ್‌ಶೈರಿನಲ್ಲಿ ನೆಲೆಸಿರುವ ತುಮಕೂರಿನವನಾಗಿ ನನಗನ್ನಿಸುವುದು ಇಷ್ಟು: ಇದು ದುಡಿಮೆಗೆಂದೇ ಬೆಳೆಸಿದ ಮೈ. ಶಿರಾ, ತಿಪಟೂರು ಕಡೆ ಹಳ್ಳಿಕಾರ್ ಜೋಡಿ ಸಾಕಿದವರ ಕಣ್ಣು ಇದಕ್ಕೆ ಹೆಚ್ಚು ಒಪ್ಪುತ್ತದೆ. ಆದರೆ ನಮ್ಮ ಕೊಟ್ಟಿಗೆಯ ಒಂದೆರಡು ರೂಢಿಗಳು ಕುದುರೆಯ ಪ್ರಾಣಕ್ಕೇ ಕುತ್ತು.

ಮೊದಲು ಮೇವಿನ ಮಾತು. ನಮ್ಮ ಕಡೆ ಸೋಮವಾರ ಬಸವಣ್ಣನ ದಿನ, ಎಷ್ಟೋ ಊರುಗಳಲ್ಲಿ ನೊಗ ಹೂಡುವುದಿಲ್ಲ. ಇಲ್ಲಿನ ಗಾಡಿ ಕುದುರೆಗಳಿಗೆ ಭಾನುವಾರ ರಜೆಯಿತ್ತು. ದುಡಿಯುವ ದಿನದಷ್ಟೇ ಧಾನ್ಯವನ್ನು ರಜೆಯಲ್ಲೂ ತಿನ್ನಿಸಿ ಮರುದಿನ ಗಾಡಿಗೆ ಕಟ್ಟಿದರೆ, ಕುದುರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೆವರು ಸುರಿಸಿ, ಹಿಂದೊಡೆ ಮರಗಟ್ಟಿ ನಿಂತುಬಿಡುತ್ತಿತ್ತು. ಇದಕ್ಕೆ ಸೋಮವಾರದ ಕಾಯಿಲೆ ಎಂದೇ ಹೆಸರಾಯಿತು. ಸ್ನಾಯು ಒಡೆದು ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ಆಗ ನಾಲ್ಕು ಹೆಜ್ಜೆ ನಡೆಸಿದರೆ ಸಡಿಲವಾದೀತು ಎಂದುಕೊಳ್ಳಬಾರದು. ನಿಂತಲ್ಲೇ ನಿಲ್ಲಿಸಿ, ನೀರಿಟ್ಟು, ವೈದ್ಯರನ್ನು ಅಲ್ಲಿಗೇ ಕರೆಸಬೇಕು. ಕೆಲವು ಭಾರಿ ತಳಿಗಳಲ್ಲಿ, ಅದರಲ್ಲೂ ಪರ್ಷೆರಾನ್ ಮತ್ತು ಬೆಲ್ಜಿಯನ್‌ಗಳಲ್ಲಿ, ಸ್ನಾಯುವಿನೊಳಗೆ ಸಕ್ಕರೆ ಅತಿಯಾಗಿ ಶೇಖರವಾಗುವ ಆನುವಂಶಿಕ ದೋಷ ಸಾಮಾನ್ಯ. ಅಂಥವಕ್ಕೆ ಹಿಟ್ಟಿನಂಶದ ಮೇವೇ ಶತ್ರು. ನೊಗವಿಲ್ಲದ ದಿನ ಹಿಂಡಿ, ಬೂಸಾ ಕಡಿಮೆ ಮಾಡುವ ರೈತನ ಲೆಕ್ಕ ಇಲ್ಲಿ ಪೂರ್ತಿ ಸರಿ. ಜೊತೆಗೆ ರಜೆಯ ದಿನವೂ ಕಟ್ಟಿಹಾಕದೆ ಬಯಲಿಗೆ ಬಿಡಬೇಕು.

ಕುದುರೆ ಎಂದೊಡನೆ ಹುರುಳಿ ಬೇಯಿಸಲು ಹೊರಡುವವರು ಸ್ವಲ್ಪ ತಡೆಯಿರಿ. ವಾರಕ್ಕೆ ಮೂರು ದಿನ ಹಗುರ ಸವಾರಿ ಮಾಡುವ 900 ಕೆಜಿ ಕುದುರೆಗೆ ದಿನಕ್ಕೆ 13ರಿಂದ 16 ಕೆಜಿ ಒಳ್ಳೆಯ ಒಣಹುಲ್ಲು, ಖನಿಜ ಮಿಶ್ರಣ, ಸುಮಾರು 50 ಗ್ರಾಂ ಉಪ್ಪು ಸಾಕು. ರಾಗಿ ಹುಲ್ಲೊಂದನ್ನೇ ಹಾಕಿ ನೀರು ಕಡಿಮೆಯಾದರೆ ಕರುಳಿನಲ್ಲಿ ಗಟ್ಟಿಕಟ್ಟಿ ಹೊಟ್ಟೆಶೂಲೆ ಬರುತ್ತದೆ. ಕುದುರೆ ಮೆಲುಕು ಹಾಕುವುದಿಲ್ಲ, ವಾಂತಿಯನ್ನೂ ಮಾಡಿಕೊಳ್ಳಲಾರದು. ಎತ್ತಿನ ಹಾಗೆ ಎರಡು ಹೊತ್ತು ಗೊಂತಿಗೆ ತುಂಬಿ ಸುಮ್ಮನಾಗಬಾರದು, ನಾಲ್ಕೈದು ಬಾರಿ ಹಂಚಿ ಹಾಕಬೇಕು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕೋಳಿ ಆಹಾರದಲ್ಲಿ, ಕೆಲವು ದನದ ಆಹಾರದಲ್ಲಿ ಮೊನೆನ್ಸಿನ್ ಅಥವಾ ಸ್ಯಾಲಿನೊಮೈಸಿನ್ ಬೆರೆತಿರುತ್ತದೆ. ಕೋಳಿಗೆ ಔಷಧಿ, ಕುದುರೆಯ ಹೃದಯಕ್ಕೆ ವಿಷ. ಕೋಲಾರದ ಕಡೆ ಕೋಳಿಫಾರಂ ಪಕ್ಕದಲ್ಲೇ ಕುದುರೆ ಕಟ್ಟುವವರು ಮೇವಿನ ಚೀಲಗಳನ್ನು ಬೇರೆ ಕೋಣೆಯಲ್ಲಿಡಿ, ಬೋಗುಣಿ ಕೂಡ ಬೇರೆ ಇರಲಿ.

ತೂಕದ ವಿಷಯದಲ್ಲಿ ಇಲ್ಲಿನವರ ರೂಢಿ ಮೇಲು. ನಮ್ಮಲ್ಲಿ ಕಣ್ಣಂದಾಜೇ ಪ್ರಮಾಣ. ಟೇಪು ತೆಗೆದುಕೊಂಡು ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮುಂತುದಿಯಿಂದ ಪೃಷ್ಠದ ತುದಿವರೆಗೆ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,900ರಿಂದ ಭಾಗಿಸಿ. 230 ಸುತ್ತಳತೆ, 195 ಉದ್ದವಿದ್ದರೆ ಸುಮಾರು 867 ಕೆಜಿ. ಜಂತುಹುಳುವಿನ ಔಷಧಿಯ ಟ್ಯೂಬುಗಳು ಸಾಮಾನ್ಯವಾಗಿ 600-700 ಕೆಜಿಗೆ ಮುಗಿಯುತ್ತವೆ. ಒಂದೇ ಟ್ಯೂಬು ಕೊಟ್ಟು ಕೈತೊಳೆದುಕೊಂಡರೆ ಹುಳು ಸಾಯುವುದಿಲ್ಲ, ಔಷಧಿಗೆ ಒಗ್ಗಿಕೊಳ್ಳುತ್ತದೆ.

ಸವಾರಿಗೆ ಬರೋಣ. ಮೈ ದೊಡ್ಡದಾದ ಮಾತ್ರಕ್ಕೆ ಬೆನ್ನು ಅದೇ ಪ್ರಮಾಣದಲ್ಲಿ ಹೊರುವುದಿಲ್ಲ. ಈ ಮೈ ಎಳೆಯಲು ಬೆಳೆದದ್ದು. ಸವಾರ, ಜೀನು ಎಲ್ಲ ಸೇರಿ 110-120 ಕೆಜಿ ದಾಟದಿರಲಿ. ಭಾರಿ ತಳಿಯ ಮೂಳೆ ಬಲಿಯುವುದು ನಿಧಾನ. ನಾಲ್ಕು ವರ್ಷಕ್ಕೆ ಮುಂಚೆ ಹತ್ತಬೇಡಿ, ಆರರವರೆಗೆ ಗಟ್ಟಿ ಕೆಲಸ ಬೇಡ. ಹಲ್ಲು ಪೂರ್ತಿ ಬಂದು ಬಾಯಿಗೂಡದ ಹೋರಿಗೆ ಪೂರ್ತಿ ಹೊರೆ ಹೇರದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೀನಿನ ಅಗಲ ಸಾಲದಿದ್ದರೆ ಹೆಗಲ ಹಿಂದೆ ಒತ್ತುತ್ತದೆ. ಎತ್ತು ಬಿಚ್ಚಿದ ಕೂಡಲೇ ಹೆಗಲು ಸವರಿ ನೋಡುವ ಹಾಗೆ, ಜೀನು ಇಳಿಸಿದ ಕೂಡಲೇ ಬೆನ್ನು ನೋಡಿ. ಸುತ್ತ ಬೆವರಿದ್ದು ನಡುವೆ ಅಂಗೈಯಷ್ಟು ಜಾಗ ಒಣಗಿದ್ದರೆ ಒತ್ತಡ ಬಿದ್ದಿರುವುದು ಅಲ್ಲೇ. ದಿನಗಳೆದಂತೆ ಅಲ್ಲಿ ಬಿಳಿ ಕೂದಲು ಬರುತ್ತದೆ. ದುಂಡು ಬೆನ್ನಿನ ಮೇಲೆ ಜೀನು ವಾಲುವುದರಿಂದ ನೆಲದಿಂದ ರಿಕಾಪಿಗೆ ಕಾಲಿಟ್ಟು ಹತ್ತದೆ, ಕಟ್ಟೆಯ ಮೇಲಿಂದ ಹತ್ತಿ.

ಕಾಲಿನ ರೋಮದ ಗೊಂಚಲು ನೋಡಲು ಅಂದ, ಒಳಗೆ ತುರಿಕೆ ಹುಟ್ಟಿಸುವ ಸಣ್ಣ ನುಸಿಗಳ ಮನೆ. ಕುದುರೆ ರಾತ್ರಿ ಕಾಲು ಬಡಿಯುವುದು, ಬೇಲಿಗೆ ಉಜ್ಜುವುದು ಅದರ ಗುರುತು. ಇಲ್ಲಿ ದಿನವೂ ಸೋಪು ಹಾಕಿ ತೊಳೆಯುವವರಿದ್ದಾರೆ. ಒದ್ದೆ ಚರ್ಮ ಬಿರಿದು ಕೀವು ಕಟ್ಟುವುದು ಅದರಿಂದಲೇ. ಕೆಸರು ಒಣಗಲು ಬಿಟ್ಟು ಬ್ರಷ್‌ನಿಂದ ಉದುರಿಸುವುದು ಮೇಲು. ಪ್ರದರ್ಶನಕ್ಕೆ ಒಯ್ಯದ ಕುದುರೆಯಾದರೆ ಆ ರೋಮ ಕತ್ತರಿಸಿಬಿಡಿ.

ನಮ್ಮ ಬಿಸಿಲಿನಲ್ಲೂ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಕುದುರೆಗಳು ಚೆನ್ನಾಗಿಯೇ ಬಾಳಿವೆಯಲ್ಲ ಎನ್ನಬಹುದು. ಅವು ರೇಸಿನ ಥರೋಬ್ರೆಡ್ ತಳಿ, ಸುಮಾರು 500 ಕೆಜಿಯ ತೆಳು ಮೈಯವು. ಇಮ್ಮಡಿ ತೂಕದ ಮೈ ಒಳಗಿನ ಕಾವನ್ನು ಅಷ್ಟು ಬೇಗ ಹೊರಹಾಕಲಾರದು. ಏಪ್ರಿಲ್‌ನಲ್ಲಿ ಬೆಳಗ್ಗೆ ಏಳರೊಳಗೆ ಸವಾರಿ ಮುಗಿಸಿ. ಬಿಸಿಯೇರಿದರೆ ನೀರು ಸುರಿಯುತ್ತಲೇ ಇರಿ, ಕುಡಿಯಲೂ ಬಿಡಿ.

ಕೊಳ್ಳುವ ಮುಂಚೆ ಲಾಳ ಕಟ್ಟುವವರನ್ನು ಗೊತ್ತುಮಾಡಿಕೊಳ್ಳಿ, ಆರರಿಂದ ಎಂಟು ವಾರಕ್ಕೊಮ್ಮೆ ಅವರು ಬೇಕೇ ಬೇಕು. ಎತ್ತಿನ ಹಾಗೆ ಹಗ್ಗ ಹಾಕಿ ಕೆಡವಿ ಲಾಳ ಹೊಡೆಯುವ ಪದ್ಧತಿ ಇದಕ್ಕೆ ಸಲ್ಲದು, ಬಿದ್ದ ರಭಸಕ್ಕೆ ಸೊಂಟ ಮುರಿದೀತು. ನಿಂತಲ್ಲೇ ಕಾಲು ಕೊಡಬೇಕು. ಆದ್ದರಿಂದ ವ್ಯಾಪಾರದ ದಿನ ಹಲ್ಲು ನೋಡಿ ಮುಗಿಸದೆ, ಕುದುರೆಯನ್ನು ಐದಾರು ಹೆಜ್ಜೆ ಹಿಂದಕ್ಕೆ ನಡೆಸಿ, ಹಿಂಗಾಲು ಒಂದೊಂದಾಗಿ ಎತ್ತಿಸಿ. ಎತ್ತಿದ ಕಾಲು ಹೊರಕ್ಕೆ ಸೆಳೆದು ನಡುಗುತ್ತಾ, ಬಾಲವೂ ಮೇಲೆದ್ದು ಅದುರಿದರೆ ಅದು ಭಾರಿ ತಳಿಗಳನ್ನು ಕಾಡುವ ನರದ ದೋಷ, ವಾಸಿಯಾಗುವುದಿಲ್ಲ. ಬೆಲೆ ಎಷ್ಟೇ ಇಳಿಸಿದರೂ ಅದನ್ನು ಕೊಳ್ಳಬೇಡಿ.