ಸಕ್ಕರೆ ಒಂದೇ ಸಾಲದು

ಕತ್ತರಿಸಿದ ಹೂ ಬೇಗ ಬಾಡದಿರಲು ಹೂದಾನಿಯ ನೀರಿಗೆ ಸಕ್ಕರೆ ಹಾಕಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಅದು ಅರ್ಧ ಮಾತು ಅಷ್ಟೇ. ಸಕ್ಕರೆ ಹೂವಿಗೆ ಆಹಾರ ನಿಜ, ಆದರೆ ಬ್ಯಾಕ್ಟೀರಿಯಾಗಳಿಗೂ ಅದೇ ಹಬ್ಬದೂಟ! ನಾನೂ ಒಮ್ಮೆ ಹಾಗೇ ಮಾಡಿದ್ದೆ. ಮೂರನೇ ದಿನಕ್ಕೆ ನೀರು ಮಬ್ಬಾಗಿ, ಗುಲಾಬಿ ದಂಟಿನ ತುದಿ ಕೈಗೆ ಲೋಳೆ ಲೋಳೆ. ಮೊಗ್ಗು ಅರಳುವ ಮೊದಲೇ ಕತ್ತು ಬಗ್ಗಿಸಿತ್ತು. ದಂಟಿನೊಳಗಿನ ಸಣ್ಣ ನಾಳಗಳು ಕಟ್ಟಿಕೊಂಡರೆ ನೀರು ಮೇಲೇರುವುದಾದರೂ ಹೇಗೆ, ಅಲ್ವಾ?

ಈಗ ಒಂದು ಲೀಟರ್ ನೀರಿಗೆ ಒಂದು ಸಣ್ಣ ಚಮಚ ಸಕ್ಕರೆ, ಎರಡು ಚಮಚ ನಿಂಬೆರಸ, ಅರ್ಧ ಚಮಚಕ್ಕಿಂತ ಕಡಿಮೆ ಬ್ಲೀಚ್ (ಬಟ್ಟೆ ಬಿಳುಪು ಮಾಡುವ ದ್ರವ, ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ) ಹಾಕುತ್ತೇನೆ. ಹುಳಿ ನೀರನ್ನು ದಂಟು ಸಲೀಸಾಗಿ ಎಳೆದುಕೊಳ್ಳುತ್ತದೆ. ನಿಂಬೆರಸವನ್ನೂ ಬ್ಲೀಚನ್ನೂ ನೇರವಾಗಿ ಬೆರೆಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಒಂದನ್ನು ಪೂರ್ತಿ ನೀರಿನಲ್ಲಿ ಕಲಸಿದ ಮೇಲೇ ಇನ್ನೊಂದು. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ದಂಟಿನ ತುದಿಯನ್ನು 2 ಸೆಂ.ಮೀ. ಓರೆಯಾಗಿ ಕತ್ತರಿಸಿ. ನೀರಿನಲ್ಲಿ ಮುಳುಗುವ ಎಲೆಗಳನ್ನೂ ಕಿತ್ತುಬಿಡಿ.