ಮಾವು ಮಾರೋಕೆ ಹುಟ್ಟಿದ ದಿನ ಯಾಕೆ?

ಶ್ರೀನಿವಾಸಪುರದ ಮಾವನ್ನು ಬಾಕ್ಸ್ ಮಾಡಿ ಬೆಂಗಳೂರಿಗೆ ಕಳಿಸುವ ನಮ್ಮ ಪುಟ್ಟ ವ್ಯಾಪಾರಕ್ಕೂ ಒಂದು ವೆಬ್‌ಸೈಟ್ ಇದೆ. ಬಾದಾಮಿ ಯಾವಾಗ, ಮಲ್ಲಿಕಾ ಯಾವಾಗ ಅಂತ ಗಿರಾಕಿಗಳಿಗೆ ಈಮೇಲ್ ಕಳಿಸುವ ಆಸೆ. ಅದಕ್ಕೆ ಬೇಕಾಗಿದ್ದು ವಿಳಾಸ ಬರೆಯೋಕೆ ಒಂದು ಜಾಗ, ಒಂದು ಬಟನ್. ಅಷ್ಟೇ ಅಲ್ವಾ?

ಅಲ್ಲವಂತೆ. ರೆಡಿಮೇಡ್ ಫಾರ್ಮ್ ತೆಗೆದರೆ ಹೆಸರು, ಸರ್‌ನೇಮ್, ಫೋನ್, ಹುಟ್ಟಿದ ದಿನ! ನಾವೇನು ಜಾತಕ ನೋಡಿ ಹಣ್ಣು ಕೊಡ್ತೀವಾ? ಅದನ್ನೆಲ್ಲ ಅಳಿಸಿದರೆ, ಪೇಜ್ ತೆರೆದ ಕೂಡಲೇ ಮುಖಕ್ಕೆ ರಾಚುವ ಪಾಪ್‌ಅಪ್. ಮೊಬೈಲಿನಲ್ಲಿ ಅದನ್ನು ಮುಚ್ಚುವ ಗುರುತೇ ಸ್ಕ್ರೀನ್ ಆಚೆ. ಬೆಲೆ ನೋಡಲು ಬಂದವರು ಸುಮ್ನೆ ವಾಪಸ್.

ಇನ್ನು ಕನ್ಫರ್ಮೇಶನ್ ಮೇಲ್, ಅಂದರೆ 'ಈ ವಿಳಾಸ ಕೊಟ್ಟಿದ್ದು ನೀವೇನಾ' ಅಂತ ಕೇಳುವ ಮೇಲ್. ಅದು ಬೇಕು, ಒಪ್ಪುತ್ತೇನೆ. ಯಾರದೋ ವಿಳಾಸವನ್ನು ಇನ್ಯಾರೋ ಹಾಕಿಬಿಡಬಹುದು. ಆದರೆ ಅದೇ ಸ್ಪ್ಯಾಮಿಗೆ ಹೋಗಿ ಬೀಳುತ್ತದೆ. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಮೇಲ್ ಕಳಿಸುವವರಿಗೆ ನಿಯಮ ಬಿಗಿ ಮಾಡಿವೆ. ಡೊಮೈನ್‌ಗೆ, ಅಂದರೆ ಸೈಟಿನ ವಿಳಾಸಕ್ಕೆ, ಮೇಲ್ ನಿಜವಾಗಿ ನಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕೆಐಎಂ ಅನ್ನೋ ಸೆಟ್ಟಿಂಗ್ ಸೇರಿಸಬೇಕು. ಡೊಮೈನ್ ಪಾಸ್‌ವರ್ಡ್ ಯಾರ ಹತ್ತಿರ? ಸೈಟ್ ಮಾಡಿಕೊಟ್ಟ ಹುಡುಗನ ಹತ್ತಿರ. ಅವನೋ, "ನಾಳೆ ಮಾಡ್ತೀನಿ ಸಾರ್" ಅನ್ನುತ್ತಾನೆ.

ಅಲ್ಲಿವರೆಗೆ ವಾಟ್ಸಾಪ್ ಬ್ರಾಡ್‌ಕಾಸ್ಟೇ ಗತಿ. ಅದೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ.