ಬಲಕ್ಕೆ ಎಳೆಯುವ ಕಾರು

ನಮ್ಮ ಮನೆಯ ರಿಮೋಟ್ ಕಾರಿಗೆ ಬಲಗಡೆ ಅದೇನು ಸೆಳೆತವೋ. ತಾರಸಿಯ ಈ ತುದಿಯಿಂದ ನೆಟ್ಟಗೆ ಬಿಟ್ಟರೆ, ಆ ತುದಿ ಸೇರುವ ಮೊದಲೇ ಮೂಲೆಯ ಕನಕಾಂಬರದ ಕುಂಡಕ್ಕೆ ಹೋಗಿ ಗುದ್ದುತ್ತಿತ್ತು. ಮಣ್ಣುದಾರಿಯಲ್ಲಿ ಓಡುವ ನಿಜವಾದ ಬಗ್ಗಿ ಕಾರಿನ ಹತ್ತನೇ ಒಂದರಷ್ಟಿರುವ ಮಾದರಿ. ಹೆಸರಿಗೆ ಮಗನದು, ಸ್ಪ್ಯಾನರ್ ಹಿಡಿಯುವ ಹಕ್ಕು ಮಾತ್ರ ನನ್ನದು.

ಮೊದಲು ಸೋಮಾರಿ ದಾರಿ ಹಿಡಿದೆ. ರಿಮೋಟಿನಲ್ಲಿ ಸ್ಟಿಯರಿಂಗಿನ ನಡುಬಿಂದುವನ್ನು ಅತ್ತಿತ್ತ ಸರಿಸುವ ಟ್ರಿಮ್ ಗುಂಡಿಯನ್ನು ಎಡಕ್ಕೆ ತಿರುಗಿಸಿದೆ. ಕಾರೇನೋ ನೇರ ಹೋಯಿತು. ಆದರೆ ಎಡಕ್ಕೆ ಗಿರಕಿ ಹೊಡೆಯುವಷ್ಟು ಚುರುಕು, ಬಲಕ್ಕೆ ತಿರುಗುವಾಗ ಕಬ್ಬು ತುಂಬಿದ ಲಾರಿ. ಟ್ರಿಮ್ ಎಂದರೆ ಸೋರುವ ಹೆಂಚಿನ ಕೆಳಗೆ ಪಾತ್ರೆ ಇಟ್ಟ ಹಾಗೆ.

ಭಾನುವಾರ ಪಟ್ಟು ಹಿಡಿದು ಕೂತೆ. ಚಕ್ರದ ಅಲೈನ್‌ಮೆಂಟ್ ನೋಡಲು ಸಮತಟ್ಟಾದ ಜಾಗ ಬೇಕು. ಮನೆಯಲ್ಲಿ ಅಷ್ಟು ಸಪಾಟಾದ ವಸ್ತು ಒಂದೇ, ಕ್ಯಾರಂ ಬೋರ್ಡ್. ಸಾಲದ್ದಕ್ಕೆ ಅದರ ಮೇಲೆ ಗೆರೆಗಳೂ ಇವೆ. ಬ್ಯಾಟರಿ ಹಾಕಿ, ಟ್ರಿಮ್ಮನ್ನು ಸೊನ್ನೆಗೆ ತಂದು, ಮೊದಲು ರಿಮೋಟ್, ಆಮೇಲೆ ಕಾರು ಆನ್ ಮಾಡಿದೆ. ಗೇಣುದ್ದ ಎತ್ತರದಿಂದ ಮೆಲ್ಲಗೆ ಬೀಳಿಸಿ, ಸಸ್ಪೆನ್ಷನ್ ತನ್ನ ಸಹಜ ಎತ್ತರಕ್ಕೆ ಕೂರಲೆಂದು ಬಿಟ್ಟೆ.

ಚಕ್ರಗಳ ಮುಂಭಾಗ ಒಳಮುಖವಾಗಿದ್ದರೆ ಟೋ ಇನ್, ಹೊರಮುಖವಾಗಿದ್ದರೆ ಟೋ ಔಟ್. ಹಿಂದಿನ ಚಕ್ರಗಳಿಗೆ ಎರಡು ಮೂರು ಡಿಗ್ರಿ ಟೋ ಇನ್ ಇದ್ದರೇ ಚೆಂದ. ಒಮ್ಮೆಲೇ ವೇಗ ಕೊಟ್ಟಾಗ ಹಿಂಭಾಗ ಬಾಲ ಅಲ್ಲಾಡಿಸುವುದಿಲ್ಲ. ಇನ್ನು ಕ್ಯಾಂಬರ್: ಚಕ್ರದ ತಲೆ ಒಂದೆರಡು ಡಿಗ್ರಿ ಒಳಕ್ಕೆ ವಾಲಿದ್ದರೆ, ತಿರುವಿನಲ್ಲಿ ಮೈ ಹೊರಳಿದಾಗ ಹೊರಬದಿಯ ಟೈರು ನೆಲಕ್ಕೆ ಪೂರ್ತಿ ಅಂಟುತ್ತದೆ. ಹೀಗೆ ಎಡಬಲ ಎರಡೂ ಸಮನಾಗಿ ಸೊಟ್ಟಗಿದ್ದರೆ ಕಾರು ನೆಟ್ಟಗೇ ಓಡುತ್ತದೆ. ಒಂದೇ ಕಡೆ ಸೊಟ್ಟಗಾದರೆ ಮಾತ್ರ ತಕರಾರು.

ನನ್ನ ಕಾರಿನ ಮುಂದಿನ ಚಕ್ರಗಳು ಗೆರೆಗೆ ಸರಿಯಾಗಿಯೇ ಕಂಡವು. ಕಂಡರೇನು, ತಪ್ಪು ಇರಲೇಬೇಕಲ್ಲ! ಮುಂದಿನ ಚಕ್ರವನ್ನು ಸ್ಟಿಯರಿಂಗಿಗೆ ಜೋಡಿಸುವ ಟೈ ರಾಡಿಗೆ ಸ್ಪ್ಯಾನರ್ ಹಾಕಿದೆ. ಜಾಣ ಕಡ್ಡಿ ಅದು: ಒಂದು ತುದಿಗೆ ಬಲಸುತ್ತು, ಇನ್ನೊಂದಕ್ಕೆ ಎಡಸುತ್ತು, ಬಿಚ್ಚದೆಯೇ ತಿರುಗಿಸಿ ಉದ್ದ ಮಾಡಬಹುದು, ಗಿಡ್ಡ ಮಾಡಬಹುದು. ಒಂದನ್ನು ಹಿಗ್ಗಿಸಿದೆ, ಇನ್ನೊಂದನ್ನು ಕುಗ್ಗಿಸಿದೆ, ತಾರಸಿಗೆ ಓಡಿದೆ, ಮತ್ತೆ ಇಳಿದೆ. ಆರೇಳು ಸಲ ಮೆಟ್ಟಿಲು ಹತ್ತಿಳಿದ ಮೇಲೆ ಕಾರು ದಾರ ಹಿಡಿದಂತೆ ನೇರ ಹೋಯಿತು.

ಬಟ್ಟೆ ಒಣಹಾಕಲು ಬಂದಿದ್ದ ಅಮ್ಮನಿಗೆ ಹೆಮ್ಮೆಯಿಂದ ತೋರಿಸಿದೆ. "ಮುಂಚೆ ಎಲ್ಲಿಗೆ ಹೋಗ್ತಿತ್ತೋ?" ಎಂದರು. ಕುಂಡದ ಮೂಲೆ ತೋರಿಸಿದೆ.

"ಮಳೆ ನೀರೂ ಅಲ್ಲಿಗೇ ಹೋಗೋದು. ಪೈಪ್ ಅಲ್ಲೇ ಅಲ್ವೇನೋ ಇರೋದು?"

ಬಾಯಿ ಒಣಗಿತು. ಆ ತುದಿಯಿಂದ ಈ ತುದಿಗೆ ಮುಖ ಮಾಡಿಸಿ ಬಿಟ್ಟೆ. ಕಾರು ಎಡಕ್ಕೆ ನುಗ್ಗಿ ಪ್ಯಾರಪೆಟ್‌ಗೆ ಢೀ ಕೊಟ್ಟಿತು.

ಟೈ ರಾಡನ್ನು ಎಷ್ಟು ಸುತ್ತು ತಿರುಗಿಸಿದ್ದೆನೋ, ಲೆಕ್ಕವಿಟ್ಟಿರಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡೋಣವೆಂದು ಕೆಳಗಿಳಿದರೆ, ಮಗ ಮೂವರು ಗೆಳೆಯರನ್ನು ಕೂರಿಸಿಕೊಂಡು ಕ್ಯಾರಂ ಬೋರ್ಡಿಗೆ ಪೌಡರ್ ಉದುರಿಸುತ್ತಿದ್ದ.